ಕಲ್ಲಿಗೊಂದು ವಿಳಾಸ

ಯಶವಂತನಗರ, ಸಂಡೂರು, ಹೊಸಪೇಟೆ, ಕಂಪ್ಲಿ, ಹಂಪಿಯ ಸೀಮೆಯ ಚರಿತ್ರೆ ಯಾವ ಅರಮನೆಯ ಕಡತದಲ್ಲೂ ಉಳಿದು ಬಂದದ್ದಲ್ಲ. ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದು, ಹೀಗೆ ದಾನ ಎಲ್ಲಿ ನಡೆಯಿತೋ ಅಲ್ಲೇ ಶಾಸನ ನಿಂತಿತು. ಚದುರಿದ್ದರಿಂದಲೇ ಉಳಿಯಿತು ಕೂಡ: 1565ರಲ್ಲಿ ವಿಜಯನಗರದ ರಾಜಧಾನಿ ಹಾಳಾದರೂ ಹಳ್ಳಿಯ ಬದುವಿನ ಕಲ್ಲು ಅಲುಗಲಿಲ್ಲ. ಆದರೆ ಚದುರಿದ್ದು ಬೇಕಾದವರ ಕಣ್ಣಿಗೆ ಬೀಳುವುದು ಕಷ್ಟ. ಕಲ್ಲುಗಳನ್ನು ಇದ್ದಲ್ಲೇ ಬಿಟ್ಟು, ಅವು ಎಲ್ಲಿವೆಯೆಂದು ಪಟ್ಟಿ ಮಾಡಿದವರೇ ನಮಗೆ ಈ ಚರಿತ್ರೆಯ ಬಾಗಿಲು ತೆರೆದರು, ಆ ಕೆಲಸ ಇನ್ನೂ ಮುಗಿದಿಲ್ಲ ಎಂಬುದು ನನ್ನ ವಾದ.

ಮೋಜಣಿಯ ಅಧಿಕಾರಿ ಕಾಲಿನ್ ಮೆಕೆಂಜಿ 1799ರಲ್ಲಿ ಹಂಪಿಯನ್ನು ಅಳೆದು ನಕ್ಷೆ ಮಾಡಿದ. ಅವನ ಪಂಡಿತರು ಊರೂರು ತಿರುಗಿ ಅಲ್ಲಿನ ವೃತ್ತಾಂತವಾದ ಕೈಫಿಯತ್ತು ಬರೆಸಿಕೊಂಡರು, ಶಾಸನಗಳ ನಕಲು ತೆಗೆದರು. ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದ ನಕಲಿನಲ್ಲಿ ತಪ್ಪು ನುಸುಳುತ್ತಿತ್ತು. ಪಡಿಯಚ್ಚಿನ ದಾರಿ ಬೇರೆ. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಶ್ಶಿನಿಂದ ಬಡಿದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಮಸಿ ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ. ಕಲ್ಲು ಊರಲ್ಲೇ ಇರುತ್ತದೆ, ಅದರ ಮಾತು ಪ್ರಯಾಣ ಹೊರಡುತ್ತದೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳ ಹೆಚ್ಚುಗಾರಿಕೆ ಸುಮಾರು 9,000 ಶಾಸನಗಳ ಲೆಕ್ಕಕ್ಕಿಂತ ಅವುಗಳ ಜೋಡಣೆಯಲ್ಲಿದೆ. ತಾಲ್ಲೂಕಿನ ಹೆಸರು, ಪಕ್ಕದಲ್ಲೊಂದು ಸಂಖ್ಯೆ. ಅಷ್ಟರಿಂದಲೇ ಧಾರವಾಡದ ವಿದ್ವಾಂಸರೂ ಲಂಡನ್ನಿನವರೂ ಅದೇ ಕಲ್ಲಿನ ಮುಂದೆ ಬಂದು ನಿಲ್ಲಬಹುದಿತ್ತು.

ಈ ಸೀಮೆ ಮಾತ್ರ ಆ ಸಂಪುಟಗಳ ಹೊರಗೆ ಉಳಿಯಿತು. ರೈಸ್ ಅವರದು ಮೈಸೂರು ಸಂಸ್ಥಾನ ಮತ್ತು ಕೊಡಗು; ಬಳ್ಳಾರಿ ಮದ್ರಾಸ್ ಪ್ರಾಂತದ್ದು, ಸಂಡೂರು ಘೋರ್ಪಡೆಯವರ ಸಂಸ್ಥಾನ. ಹೀಗಾಗಿ ಇಲ್ಲಿನ ಶಾಸನಗಳು ಬೇರೆಡೆ ಅಚ್ಚಾದವು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿರುವ, ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿನ ಶಾಸನ 1892ರ ಎಪಿಗ್ರಾಫಿಯ ಇಂಡಿಕಾದಲ್ಲಿದೆ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟವಾಗಿ ಬರುವಷ್ಟರಲ್ಲಿ 1939 ಆಗಿತ್ತು. ಅದಾದ ಮೇಲೆ 1949ರಲ್ಲಿ ಸಂಡೂರು ಮದ್ರಾಸಿಗೆ ಸೇರಿತು, 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಪಾಲಾಗಿ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಲ್ಲು ಕದಲದಿದ್ದರೂ ವಿಳಾಸ ಮತ್ತೆ ಮತ್ತೆ ಬದಲಾಯಿತು.

ಊರವರಿಗೆ ತಮ್ಮ ಕಲ್ಲು ಗೊತ್ತೇ ಇತ್ತು, ಪಟ್ಟಿ ಏಕೆ ಎನ್ನುವವರಿದ್ದಾರೆ. ಕಲ್ಲು ಗೊತ್ತಿತ್ತು, ನಿಜ. ಹಳೆಯ ಲಿಪಿ ಓದಲು ಬರುತ್ತಿರಲಿಲ್ಲ. ಬುಡದಲ್ಲಿ ನಿಧಿಯಿದೆಯೆಂದು ನಂಬಿ ಅಗೆದು ಉರುಳಿಸಿದ್ದೂ ಉಂಟು. ಎಲ್ಲವನ್ನೂ ವಸ್ತುಸಂಗ್ರಹಾಲಯಕ್ಕೆ ತಂದಿಡಿ ಎಂಬ ಮಾತೂ ಇದೆ. ಬೀಳುತ್ತಿರುವ ಕಲ್ಲಿಗೆ ಅದು ಸರಿಯೇ, ಆದರೆ ಎಲ್ಲೆಗಲ್ಲನ್ನು ಎಲ್ಲೆಯಿಂದ ಕಿತ್ತರೆ ಅದು ಯಾವ ಹೊಲದ ಮಾತಾಡುತ್ತದೆ? ಜಾಗ ಬರೆದಿಟ್ಟರೆ ಕಳ್ಳರಿಗೇ ದಾರಿ ತೋರಿಸಿದಂತೆ ಎಂಬ ಆತಂಕ ಇನ್ನೂ ಗಟ್ಟಿಯಾದದ್ದು. ಆದರೂ ನಿಧಿಗಳ್ಳ ಸಂಪುಟ ಓದಿ ಬರುವವನಲ್ಲ. ಎಲ್ಲೂ ದಾಖಲಾಗದ ಕಲ್ಲು ಕಾಣೆಯಾದರೆ ಕಾಣೆಯಾಯಿತೆಂದು ಹೇಳುವವರೂ ಇರುವುದಿಲ್ಲ.

ದಾಖಲಿಸುವ ಕೆಲಸ ಈಗಲೂ ನಡೆದಿದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟ ತಂದಿದೆ. ಆದರೆ ಹಳೆಯ ಪುಟಗಳ ಚಿತ್ರ ತೆಗೆದು ಜಾಲಕ್ಕೆ ಏರಿಸಿದರೆ ಸಾಲದು, ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ. ಪಾಠ ಕನ್ನಡ ಅಕ್ಷರದಲ್ಲಿ, ಊರಿನ ಈಗಿನ ಹೆಸರಿನ ಜೊತೆ ಹಳೆಯ ಹೆಸರು, ಹಳೆಯ ಜಿಲ್ಲೆ, ಕಲ್ಲು ನಿಂತ ಅಕ್ಷಾಂಶ ರೇಖಾಂಶ, ಇಷ್ಟು ಇರಬೇಕು. ಯಶವಂತನಗರದ ವಿದ್ಯಾರ್ಥಿನಿ ಫೋನಿನಲ್ಲಿ ‘ಸಂಡೂರು ಶಾಸನ’ ಎಂದು ಕನ್ನಡದಲ್ಲೇ ಒತ್ತಿದರೆ ಅವಳಿಗೆ ಆ ಕಲ್ಲಿನವರೆಗೆ ದಾರಿ ಸಿಗಬೇಕು.