ಕೇಂದ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ವಿಜಯಪುರ ಜಿಲ್ಲೆಯ ತಾಲೂಕು ಕೇಂದ್ರಗಳು. ‘ತಾಲೂಕು’ ಅರಬ್ಬಿಯಿಂದ ಬಂದದ್ದೆಂದು ಹಲವರಿಗೆ ಗೊತ್ತು. ‘ಕೇಂದ್ರ’ ಮಾತ್ರ ಅಚ್ಚ ಸಂಸ್ಕೃತವೆಂಬ ನಂಬಿಕೆ. ಅದರ ಮೂಲ ಗ್ರೀಕಿನ ‘ಕೆಂಟ್ರಾನ್’: ಎತ್ತು ತಿವಿಯುವ ಮುಳ್ಳುಗೋಲು, ಅದರ ಚೂಪು ಮೊನೆ. ವೃತ್ತ ಎಳೆಯುವಾಗ ಕೈವಾರದ ಮೊನೆ ಊರುವ ಬಿಂದುವಿಗೂ ಅದೇ ಹೆಸರಾಯಿತು. ಜ್ಯೋತಿಷದ ಜೊತೆ ಅದು ಭಾರತಕ್ಕೆ ಬಂತು. ಜಾತಕದ 1, 4, 7, 10ನೇ ಮನೆಗಳು ಇಂದಿಗೂ ಕೇಂದ್ರಸ್ಥಾನಗಳೇ.

ಸಾವಿರ ವರ್ಷಕ್ಕೂ ಮಿಕ್ಕಿ ಸಂಸ್ಕೃತದಲ್ಲಿರುವ ಪದವನ್ನು ಬರಿಯ ಧ್ವನಿಸಾಮ್ಯ ನೋಡಿ ಎರವಲು ಎನ್ನಬಹುದೇ ಎಂಬ ಆಕ್ಷೇಪ ಉಂಟು. ಸಾಮ್ಯವೊಂದೇ ಆಧಾರವಾಗಿದ್ದರೆ ಆ ಸಂಶಯ ಸರಿ. ಆದರೆ 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರ ತನ್ನ ಬೃಹಜ್ಜಾತಕ ಗ್ರಂಥದಲ್ಲಿ ಮೇಷವನ್ನು ‘ಕ್ರಿಯ’, ವೃಷಭವನ್ನು ‘ತಾವುರಿ’, ಮಿಥುನವನ್ನು ‘ಜಿತುಮ’ ಎಂದೂ ಕರೆಯುತ್ತಾನೆ. ಇವು ಗ್ರೀಕಿನ ಕ್ರಿಯೋಸ್, ಟೌರೋಸ್, ಡಿಡಿಮೋಯ್. ಹೀಗೆ ಒಂದು ಶಾಸ್ತ್ರದ ಪದಗಳು ಗುಂಪಾಗಿ ಹೊಂದುವುದು ಆಕಸ್ಮಿಕವಲ್ಲ. ಎರವಲೆಂದರೆ ಕೀಳೆಂಬ ಅಳುಕೂ ಬೇಡ: ಈ ಶಾಸ್ತ್ರ ಬಲ್ಲ ಯವನರು (ಗ್ರೀಕರು) ಋಷಿಗಳಂತೆ ಪೂಜ್ಯರೆಂದು ಬರೆದವನೂ ಆತನೇ. ಅದೇ ಕೆಂಟ್ರಾನ್ ರೋಮನ್ನರ ಲ್ಯಾಟಿನ್ ಹೊಕ್ಕು ಮುಂದೆ ಇಂಗ್ಲಿಷಿನ ‘ಸೆಂಟರ್’ ಆಯಿತು. ತೊಗರಿ ಖರೀದಿ ಕೇಂದ್ರವನ್ನು ರೈತರು ‘ಸೆಂಟರ್’ ಎಂದರೆ ಕನ್ನಡ ಕೆಟ್ಟಿತೆಂದು ಕೊರಗುವವರು, ಎರಡೂ ಒಂದೇ ಬೇರಿನವೆಂಬುದನ್ನು ನೆನಪಿಡಬೇಕು.