ಮಡಿಲಿಗೊಂದು ವಿನಾಯಿತಿ

ಮಗಳನ್ನು ಆಸ್ಪತ್ರೆಯಿಂದ ಸುದ್ದಗುಂಟೆಪಾಳ್ಯದ ಮನೆಗೆ ಕರ್ಕೊಂಡು ಬಂದಿದ್ದು ಕ್ಯಾಬ್‌ನಲ್ಲಿ, ಅಮ್ಮನ ಮಡಿಲಲ್ಲಿ. ಆಮೇಲೆ ನಾವು ಕಾರು ತಗೊಂಡು ಅದಕ್ಕೊಂದು ಕಾರ್ ಸೀಟ್ ತಂದಾಗ ಅಮ್ಮನಿಗೆ ಅವಮಾನವೇ ಆಯ್ತು. "ನಾನು ಹಿಡ್ಕೊಂಡ್ರೆ ಬಿಟ್ಬಿಡ್ತೀನಾ? ನಿನ್ನನ್ನ ಚೇತಕ್ ಮುಂದೆ ನಿಲ್ಲಿಸ್ಕೊಂಡೇ ನಿಮ್ಮಪ್ಪ ಬನಶಂಕರಿ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ಲಿಲ್ವಾ?"

ಹೋಗಿದ್ದು ನಿಜ. ಹ್ಯಾಂಡಲ್ ಹಿಡಿದು ನಿಂತ ಖುಷಿ ಇನ್ನೂ ನೆನಪಿದೆ. ಉತ್ತರ ಹುಡುಕಿಕೊಂಡು ಈ ಸೀಟಿನ ಚರಿತ್ರೆ ಓದೋಕೆ ಶುರು ಮಾಡಿದೆ. ಅಲ್ಲೂ ಅಮ್ಮನ ಮಾತೇ ಸಿಕ್ಕಿತು.

1930ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಮಕ್ಕಳ ಸೀಟುಗಳಿಗೂ ಸುರಕ್ಷತೆಗೂ ಸಂಬಂಧವೇ ಇರಲಿಲ್ಲ. ಮಗು ಕಾರೊಳಗೆ ಅಂಬೆಗಾಲಿಡಬಾರದು, ಕಿಟಕಿಯಾಚೆ ಕಾಣಬೇಕು, ಅಷ್ಟೆ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಮೂರು ಬಿಂದುವಿನ ಸೀಟ್ ಬೆಲ್ಟ್ ಕೊಟ್ಟರು, ಅದು ದೊಡ್ಡವರಿಗಾಯ್ತು. ಮಕ್ಕಳ ರಕ್ಷಣೆಗೆಂದೇ ಸೀಟು ಮಾಡಿದ್ದು 1962ರ ಸುಮಾರಿಗೆ, ಬ್ರಿಟನ್ನಿನ ಜೀನ್ ಏಮ್ಸ್ ಮತ್ತು ಅಮೆರಿಕದ ಲಿಯೊನಾರ್ಡ್ ರಿವ್ಕಿನ್.

ನನಗೆ ತುಂಬಾ ಹಿಡಿಸಿದ್ದು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರ ಯೋಚನೆ. ಅವರಿಗೆ ಪ್ರೇರಣೆ ಜೆಮಿನಿ ನೌಕೆಯ ಆಸನ. ಅಲ್ಲಿ ಗಗನಯಾತ್ರಿ ಒತ್ತಡವನ್ನು ಇಡೀ ಬೆನ್ನಿನಿಂದ ತಡೆದುಕೊಳ್ಳುತ್ತಾನೆ. ಕೂಸಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ, ಕುತ್ತಿಗೆ ಎಳೆಯದು. ಮುಂದಕ್ಕೆ ಮುಖ ಮಾಡಿ ಕೂತರೆ ಢಿಕ್ಕಿಯಲ್ಲಿ ಮೈ ನಿಂತರೂ ತಲೆ ನಿಲ್ಲಲ್ಲ. ಹಿಂದಕ್ಕೆ ತಿರುಗಿಸಿದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟೇ ಹೊರುತ್ತದೆ. 1964ರಲ್ಲಿ ವೋಲ್ವೋ ಇಂಥ ಸೀಟನ್ನು ಪರೀಕ್ಷಿಸಿತು.

ಇಷ್ಟೆಲ್ಲ ಆದರೂ ಮಡಿಲಿನ ಮೇಲಿನ ನಂಬಿಕೆ ಅಲುಗಲಿಲ್ಲ. ಟೆನೆಸಿಯ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಹೋರಾಡಿ ತಂದ ಕಾನೂನು 1978ರ ಜನವರಿ 1ರಂದು ಜಾರಿಗೆ ಬಂತು. ಮಕ್ಕಳ ಸೀಟನ್ನು ಕಡ್ಡಾಯ ಮಾಡಿದ ಮೊದಲ ಅಮೆರಿಕನ್ ರಾಜ್ಯ ಅದು. ಆದರೆ ಶಾಸಕರು ಒಂದು ಸಾಲು ಸೇರಿಸಿದ್ದರು: ದೊಡ್ಡವರು ತೋಳಲ್ಲಿ ಎತ್ತಿಕೊಂಡಿದ್ದರೆ ಸೀಟು ಬೇಡ. ಅದನ್ನು ತೆಗೆಸಲು ಸ್ಯಾಂಡರ್ಸ್‌ಗೆ 1981ರವರೆಗೂ ಹಿಡಿಯಿತು.

ಲೆಕ್ಕ ಏನೂ ಕಷ್ಟದ್ದಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ. ಮಗುವನ್ನು ಹಿಡಿದು ನಿಲ್ಲಿಸಲು 140 ಕೆ.ಜಿ. ಎತ್ತುವಷ್ಟು ಬಲ ಬೇಕು. ಅಮ್ಮ ಬೆಲ್ಟ್ ಹಾಕಿರದಿದ್ದರೆ ಮಗುವೇ ಅವರ ಮೈಗೆ ಅಡ್ಡ ಸಿಗುತ್ತದೆ.

ನಮ್ಮಲ್ಲಿ ಕಾನೂನು ಬಂದಿದ್ದು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ. ಅದರ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಬೇಕು, ಇಲ್ಲದಿದ್ದರೆ 1,000 ರೂಪಾಯಿ ದಂಡ. ಹೆಲ್ಮೆಟ್ ದಂಡ ಕಟ್ಟಿದವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ. ಈ ದಂಡ ಕಟ್ಟಿದವರನ್ನು ನಾನಿನ್ನೂ ನೋಡಿಲ್ಲ. ಅಪ್ಪನ ಚೇತಕ್‌ಗೂ 2022ರಲ್ಲಿ ನಿಯಮ ಬಂತು: ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಸವಾರನಿಗೆ ಸೇರಿಸಿ ಕಟ್ಟುವ ಪಟ್ಟಿ, ವೇಗ 40 ದಾಟಬಾರದು.

"ಈ ಟ್ರಾಫಿಕ್ಕಲ್ಲಿ ಯಾವ ವೇಗ ಮಾರಾಯ?" ಅಂತ ಸ್ನೇಹಿತರು ನಗ್ತಾರೆ. ಸಿಲ್ಕ್ ಬೋರ್ಡ್ ತನಕ ಸರಿ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಹತ್ತಿದ ಮೇಲೆ?

ಸೀಟು ತಂದ ಮಾತ್ರಕ್ಕೆ ಮುಗೀಲಿಲ್ಲ ಅನ್ನೋದು ನನ್ನ ಪೆದ್ದುತನದಿಂದಲೇ ಗೊತ್ತಾಯ್ತು. ಐಸೋಫಿಕ್ಸ್ ಕೊಕ್ಕೆ ಎರಡೂ ಟಕ್ ಅಂದವು ಅಂತ ವಾರವಿಡೀ ಓಡಾಡಿದೆ. ಸೀಟಿನ ಆಧಾರದ ಕಾಲು ನೆಲಕ್ಕೆ ತಾಗಿರಲೇ ಇಲ್ಲ! ಈಗ ಅದನ್ನು ಒತ್ತಿ ನೋಡ್ತೀನಿ, ಸೀಟನ್ನು ಬುಡದಲ್ಲಿ ಹಿಡಿದು ಅಲುಗಿಸ್ತೀನಿ. ಒಂದಿಂಚಿಗಿಂತ ಹೆಚ್ಚು ಆಡಬಾರದು. ಹಿಂದಕ್ಕೆ ತಿರುಗಿಸಿದ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಹಾಕಲೇಬಾರದು. ಚಳಿಗಾಲದಲ್ಲಿ ದಪ್ಪ ಸ್ವೆಟರ್ ತೆಗೆದೇ ಪಟ್ಟಿ ಕಟ್ಟಬೇಕು, ಹೊದಿಕೆ ಬೇಕಿದ್ದರೆ ಮೇಲಿಂದ. ಭುಜದ ಹತ್ತಿರ ಪಟ್ಟಿ ಚಿವುಟಲು ಸಿಕ್ಕರೆ ಇನ್ನೂ ಸಡಿಲ ಇದೆ ಅಂತ ಅರ್ಥ.

ಈ ಚಿವುಟೋ ಕೆಲಸ ಈಗ ಅಮ್ಮನದು. ಮೊಮ್ಮಗಳ ಪಕ್ಕದಲ್ಲೇ ಬೆಲ್ಟ್ ಹಾಕಿಕೊಂಡು ಕೂರ್ತಾರೆ. ಆದರೂ ಮಗು ಅತ್ತರೆ, ಡೈರಿ ಸರ್ಕಲ್ ದಾಟೋದ್ರೊಳಗೆ "ಒಂದ್ನಿಮಿಷ ಎತ್ಕೊಳ್ಲೇನೋ?" ಅಂತ ಕೇಳೇ ಕೇಳ್ತಾರೆ. ಕಾರು ಪಕ್ಕಕ್ಕೆ ಹಾಕ್ತೀನಿ.