ಒಂದೇ ಹೆಸರು, ಎರಡು ಬೆಂಕಿ

ಇವತ್ತು ಒಂದು ಪದದ ಬಗ್ಗೆ ಮಾತಾಡೋಣ: ಬೆಂಕಿಯುಂಡೆ, ಅಂದ್ರೆ ಇಂಗ್ಲಿಷಿನ ಫೈರ್‌ಬಾಲ್. ಏಪ್ರಿಲ್ ತಿಂಗಳ ಸೂರ್ಯನನ್ನ ನಾವು ಬೆಂಕಿಯುಂಡೆ ಅಂತೀವಿ. ವೇಗದ ಬೌಲರ್ ಎಸೆತ ಕಾಮೆಂಟರಿಯಲ್ಲಿ ಬೆಂಕಿಚೆಂಡಾಗುತ್ತೆ. ವಿಡಿಯೋ ಗೇಮ್ ಆಡೋ ಮಕ್ಕಳಿಗೆ ಅದು ಕೈಯಿಂದ ಚಿಮ್ಮುವ ಅಸ್ತ್ರ. ಇವೆಲ್ಲ ಬರೀ ಹೋಲಿಕೆ, ಯಾರಿಗೂ ಅಪಾಯ ಇಲ್ಲ. ಆದರೆ ವಿಜ್ಞಾನದಲ್ಲಿ ಈ ಹೆಸರು ಎರಡು ಬೇರೆ ಬೇರೆ ಬೆಂಕಿಗಳಿಗೆ ಅಂಟಿಕೊಂಡಿದೆ. ಒಂದನ್ನು ನೋಡಿ ಇನ್ನೊಂದು ಅಂದುಕೊಂಡರೆ ಏನಾದೀತು?

ಮೊದಲನೆಯದು ಆಕಾಶದ್ದು. ಬಾಹ್ಯಾಕಾಶದ ಕಲ್ಲು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗಿದಾಗ ಅದರ ಮುಂದಿನ ಗಾಳಿ ಒತ್ತಡಕ್ಕೆ ಸಿಕ್ಕಿ ಕಾದು ಹೊಳೆಯುತ್ತೆ. ಆ ಉಲ್ಕೆ ಶುಕ್ರಗ್ರಹಕ್ಕಿಂತ ಪ್ರಖರವಾಗಿದ್ದರೆ ಖಗೋಳ ವಿಜ್ಞಾನಿಗಳು ಅದನ್ನು ಫೈರ್‌ಬಾಲ್ ಅಂತಾರೆ.

ಎರಡನೆಯದು ಮನುಷ್ಯ ಮಾಡಿದ್ದು. 1945ರ ಜುಲೈ 16ರ ನಸುಕಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಸಿಡಿಯಿತು. ಆಗ ಎದ್ದ ಬೆಂಕಿಯುಂಡೆಯ ಫೋಟೋಗಳು ಮುಂದೆ ಪ್ರಕಟವಾದವು. ಬ್ರಿಟನ್ನಿನ ವಿಜ್ಞಾನಿ ಜಿ.ಐ. ಟೇಲರ್ ಅದು ಎಷ್ಟು ಬೇಗ ಹಿಗ್ಗಿತು ಅಂತ ಆ ಫೋಟೋಗಳಲ್ಲೇ ಅಳೆದು, ಬಾಂಬಿನ ಶಕ್ತಿಯನ್ನ ಲೆಕ್ಕ ಹಾಕಿದರು. 1950ರಲ್ಲಿ ಆ ಲೆಕ್ಕ ಪ್ರಕಟವಾಯಿತು.

ಈಗ 2002ಕ್ಕೆ ಬನ್ನಿ. ಸಂಸತ್ ಭವನದ ಮೇಲಿನ ದಾಳಿಯ ನಂತರ ಭಾರತ, ಪಾಕಿಸ್ತಾನದ ಲಕ್ಷಾಂತರ ಸೈನಿಕರು ಗಡಿಯಲ್ಲಿ ಎದುರುಬದುರು ನಿಂತಿದ್ದರು. ಎರಡೂ ದೇಶಗಳ ಹತ್ತಿರ ಅಣುಬಾಂಬ್ ಇತ್ತು. ಅದೇ ಜೂನ್ 6ರಂದು ಗ್ರೀಸ್ ಮತ್ತು ಲಿಬಿಯಾ ನಡುವಿನ ಸಮುದ್ರದ ಮೇಲೆ, ಆಕಾಶದಲ್ಲಿ ಒಂದು ಕಲ್ಲು ಸಿಡಿಯಿತು. ಅದರ ಶಕ್ತಿ ಹಿರೋಷಿಮಾ ಬಾಂಬಿಗೆ ಹೋಲಿಸುವಷ್ಟಿತ್ತು. ಅಮೆರಿಕದ ಉಪಗ್ರಹಗಳು ಅದನ್ನ ಕಂಡವು. ಅದೇ ಅಕ್ಷಾಂಶದಲ್ಲಿ ಪೂರ್ವಕ್ಕೆ ಹೋದರೆ ಸಿಗೋದು ಕಾಶ್ಮೀರ. ಕೆಲವೇ ಗಂಟೆ ಮೊದಲು ಬಂದಿದ್ದರೆ ಅದು ನಮ್ಮ ಕಡೆ ಸಿಡಿಯಬಹುದಿತ್ತು, ಬಾಂಬ್ ಅಂತ ತಪ್ಪು ತಿಳಿದು ಅಣುಯುದ್ಧವೇ ಶುರುವಾಗಬಹುದಿತ್ತು ಅಂತ ಅಮೆರಿಕ ವಾಯುಪಡೆಯ ಬ್ರಿಗೇಡಿಯರ್ ಜನರಲ್ ಸೈಮನ್ ವರ್ಡನ್ ಎಚ್ಚರಿಸಿದರು. ಉಲ್ಕೆಗೂ ಬಾಂಬಿಗೂ ವ್ಯತ್ಯಾಸ ಹೇಳುವ ಉಪಕರಣ ಆಗ ಈ ಎರಡೂ ದೇಶಗಳಲ್ಲಿ ಇರಲಿಲ್ಲ ಅನ್ನೋದು ಅವರ ಆತಂಕವಾಗಿತ್ತು.

ವ್ಯತ್ಯಾಸ ಇರೋದು ಬೆಳಕಿನಲ್ಲೇ. ಅಣುಬಾಂಬ್ ಎರಡು ಸಲ ಹೊಳೆಯುತ್ತೆ. ಮೊದಲ ಹೊಳಪನ್ನು ಆಘಾತ ತರಂಗದ ಬಿಸಿಗಾಳಿ ಕ್ಷಣಕಾಲ ಮರೆಮಾಡುತ್ತೆ, ಅದು ತಿಳಿಯಾದ ಮೇಲೆ ಮತ್ತೆ ಬೆಳಕು. ಉಲ್ಕೆಗೆ ಈ ಜೋಡಿ ಮಿಂಚು ಇಲ್ಲ. ಆದರೆ ಭಯದಲ್ಲಿರೋ ಮನುಷ್ಯನ ಕಣ್ಣಿಗೆ ಅದು ಕಾಣೋದಿಲ್ಲ, ಉಪಕರಣವೇ ಬೇಕು.

ಅಮೆರಿಕದ ಸರ್ಕಾರಿ ಉಪಕರಣಗಳು ಗುರುತಿಸಿದ ಇಂಥ ಬೆಂಕಿಯುಂಡೆಗಳ ದಿನಾಂಕ, ಜಾಗ, ಶಕ್ತಿಯ ಪಟ್ಟಿ ಈಗ ನಾಸಾ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತೆ. ನನಗೇನೋ ಅದು ಬರೀ ಖಗೋಳದ ಪಟ್ಟಿ ಅನ್ಸಲ್ಲ. ಒಂದೊಂದು ಸಾಲೂ ‘ಇದು ಕಲ್ಲು, ಬಾಂಬಲ್ಲ’ ಅಂತ ಹೇಳೋ ಸಾಕ್ಷಿ. ಮುಂದಿನ ವಾರ ಮತ್ತೆ ಸಿಗೋಣ.